ಊರ ಕ್ರೀಡಾಕೂಟಕ್ಕೆ ಬ್ಯಾಂಡ್ ಊದುವವರಿಗೆ: ಬೆಳಗಿನ ಮೆರವಣಿಗೆಯಿಂದ ಸಂಜೆಯ ಬಹುಮಾನದವರೆಗೆ

ಮಂಡ್ಯ, ಮೈಸೂರು ಕಡೆಯ ಬ್ಯಾಂಡ್‌ಸೆಟ್ ಹುಡುಗರು ಪದೇ ಪದೇ ಕೇಳುವುದು ಒಂದೇ ಪ್ರಶ್ನೆ: "ಮದುವೆ ಮೆರವಣಿಗೆಗೆ ಊದಿ ಅಭ್ಯಾಸ ಇದೆ. ಈಗ ಊರಿನ ಕ್ರೀಡಾಕೂಟಕ್ಕೆ ಕರೆದಿದ್ದಾರೆ. ಯಾವ್ಯಾವ ಹಾಡು ಇಟ್ಕೊಳ್ಳೋದು?"

ಹಾಡಿನ ಚಿಂತೆ ಆಮೇಲೆ. ಮದುವೆಯಲ್ಲಿ ಎರಡು ಗಂಟೆ ಬಿಡದೆ ಊದಿ, ಊಟ ಮಾಡಿ ಹೊರಡುತ್ತೀರಿ. ಕ್ರೀಡಾಕೂಟದಲ್ಲಿ ಬೆಳಗ್ಗೆ 8ಕ್ಕೆ ನಿಂತರೆ ಬಹುಮಾನ ಹಂಚಿ ಮುಗಿಯುವಾಗ ಸಂಜೆ 6 ಆಗಿರುತ್ತದೆ. ಅಷ್ಟು ಹೊತ್ತು ವಾದ್ಯ ತಡೆಯುತ್ತದೆ, ಡ್ರಮ್ ತಡೆಯುತ್ತದೆ, ತುಟಿ ತಡೆಯುವುದಿಲ್ಲ. ಮಧ್ಯಾಹ್ನಕ್ಕೇ ತುಟಿ ಸೋತರೆ, ಗೆದ್ದ ಪೈಲ್ವಾನನನ್ನು ಹೆಗಲ ಮೇಲೆ ಹೊತ್ತು ತರುವ ಹೊತ್ತಿಗೆ ಟ್ರಂಪೆಟ್‌ನಿಂದ ಬರೀ ಗಾಳಿ ಬರುತ್ತದೆ. ಜನ ಬೆಳಗಿನ ಹತ್ತು ಹಾಡು ಮರೆತು ಅದೊಂದನ್ನೇ ನೆನಪಿಟ್ಟುಕೊಳ್ಳುತ್ತಾರೆ. ಹಾಗಾಗಿ ಎಲ್ಲಿ ಊದಬೇಕು ಎನ್ನುವುದಕ್ಕಿಂತ ಎಲ್ಲಿ ಸುಮ್ಮನಿರಬೇಕು ಎನ್ನುವುದನ್ನು ಮೊದಲು ಗೊತ್ತು ಮಾಡಿಕೊಳ್ಳಿ.

1. ವೀಳ್ಯ ಹಿಡಿಯುವ ಮೊದಲು ಕೇಳಿ

ಕರೆಯಲು ಬಂದವರ ಹತ್ತಿರ ಇಷ್ಟನ್ನು ಬಾಯಿ ಬಿಟ್ಟು ಕೇಳಿ, ಪುಸ್ತಕದಲ್ಲಿ ಬರೆದು ಅವರ ಸಹಿ ಹಾಕಿಸಿ: ಎಷ್ಟು ಜನ ಬರಬೇಕು, ಎಷ್ಟು ಹೊತ್ತಿಗೆ ಶುರು, ಎಷ್ಟು ಹೊತ್ತಿಗೆ ಬಿಡುಗಡೆ, ಗಾಡಿ ಯಾರದು, ಊಟ ಎಷ್ಟು ಹೊತ್ತು, ಮಳೆ ಬಂದರೆ ಅಡ್ವಾನ್ಸ್ ಏನಾಗುತ್ತದೆ. ಇದರ ಜೊತೆಗೆ ಯಾವ ಯಾವ ಆಟ ಎನ್ನುವುದನ್ನೂ ಕೇಳಬೇಕು. ಬಹಳ ಜನ ಇದನ್ನೇ ಬಿಡುತ್ತಾರೆ. ಕುಸ್ತಿ, ಕಬಡ್ಡಿ, ಎತ್ತಿನಗಾಡಿ ಓಟ, ಕೆಸರುಗದ್ದೆ ಓಟ ಒಂದೊಂದಕ್ಕೂ ಬ್ಯಾಂಡಿನ ಕೆಲಸ ಬೇರೆ.

"ಹೊನಲು ಬೆಳಕಿನ ಪಂದ್ಯಾವಳಿ" ಎಂದರೆ ಎಚ್ಚರ. 2000ದ ಶಬ್ದಮಾಲಿನ್ಯ ನಿಯಮದ ಪ್ರಕಾರ ರಾತ್ರಿ 10ರಿಂದ ಬೆಳಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಮಾತ್ರವಲ್ಲ, ವಾದ್ಯ ನುಡಿಸುವುದಕ್ಕೂ ತಡೆಯಿದೆ. ಆಸ್ಪತ್ರೆ, ಶಾಲೆ, ನ್ಯಾಯಾಲಯದ ಸುತ್ತ 100 ಮೀಟರ್ ನಿಶ್ಶಬ್ದ ವಲಯ ಆಗಿರಬಹುದು. ಪರವಾನಗಿ ತರುವುದು ಸಂಘಟಕರ ಕೆಲಸ, ಆದರೆ ಪೊಲೀಸರು ಬಂದಾಗ ಮೊದಲು ಕೈ ಹಾಕುವುದು ನಿಮ್ಮ ಡ್ರಮ್ಮಿಗೆ. ರಾತ್ರಿ 10ರ ನಂತರ ಫೈನಲ್ ಇದ್ದರೆ ಪರವಾನಗಿಯ ಪ್ರತಿ ಒಂದು ನಿಮ್ಮ ಜೇಬಿನಲ್ಲಿರಲಿ.

2. ಹನ್ನೆರಡು ಜನರ ತಂಡ

ಊರ ಬಯಲಿಗೆ ಹನ್ನೆರಡು ಜನ ಸಾಕು: ಟ್ರಂಪೆಟ್ 3, ಕ್ಲಾರಿನೆಟ್ 2, ಆಲ್ಟೋ ಸ್ಯಾಕ್ಸಫೋನ್ 1, ಯುಫೋನಿಯಂ 2, ಸೈಡ್ ಡ್ರಮ್ 2, ದೊಡ್ಡ ಡ್ರಮ್ 1, ತಾಳ 1. ಯುಫೋನಿಯಂ ಎಂದರೆ ಮಡಿಲಲ್ಲಿ ಮಗು ಎತ್ತಿಕೊಂಡ ಹಾಗೆ ಹಿಡಿಯುವ ದೊಡ್ಡ ಪಿತ್ತಾಳೆ ವಾದ್ಯ. ದುಡ್ಡು ಉಳಿಸಲು ಅದನ್ನೇ ಮೊದಲು ಕೈಬಿಡುವವರು ಹೆಚ್ಚು, ಅದು ತಪ್ಪು. ಬಯಲಿನಲ್ಲಿ ಗೋಡೆಯಿಲ್ಲ, ಪ್ರತಿಧ್ವನಿಯಿಲ್ಲ. ಕೆಳಗಿನ ಸ್ವರದ ಆಸರೆ ಇಲ್ಲದಿದ್ದರೆ ಮೂರು ಟ್ರಂಪೆಟ್ ಸೇರಿ ಕಿರುಚಿದ ಹಾಗೆ ಕೇಳುತ್ತದೆ. ಆ ತೆಳುವನ್ನು ತುಂಬಲು ಟ್ರಂಪೆಟ್‌ನವರು ಇನ್ನೂ ಜೋರಾಗಿ ಊದುತ್ತಾರೆ, ತುಟಿ ಇನ್ನೂ ಬೇಗ ಹೋಗುತ್ತದೆ.

ಮೂರು ಟ್ರಂಪೆಟ್ ಬೇಕು ಎನ್ನುವುದೂ ಒಟ್ಟಿಗೆ ಊದಲಿಕ್ಕಲ್ಲ. ಇಬ್ಬರು ಊದುವಾಗ ಒಬ್ಬರು ಕೂರಬೇಕು. ಗಂಟೆಗೆ ಒಬ್ಬೊಬ್ಬರ ತುಟಿಗೆ ಒಟ್ಟು 20 ನಿಮಿಷಕ್ಕಿಂತ ಹೆಚ್ಚು ಕೆಲಸ ಬೀಳದಂತೆ ಸರದಿ ಬರೆದು ಡ್ರಮ್ಮಿನ ಪಕ್ಕಕ್ಕೆ ಅಂಟಿಸಿ.

3. ಹಿಂದಿನ ವಾರ: ವಾದ್ಯದ ಕೆಲಸ

ಟ್ರಂಪೆಟ್‌ನ ಮೂರು ವಾಲ್ವ್, ಅಂದರೆ ಬೆರಳಿನಿಂದ ಒತ್ತುವ ಗುಂಡಿಗಳನ್ನು ಬಿಚ್ಚಿ, ನೂಲು ಬಿಡದ ಬಟ್ಟೆಯಲ್ಲಿ ಒರೆಸಿ, ಒಂದೊಂದಕ್ಕೂ ಮೂರು ನಾಲ್ಕು ಹನಿ ವಾಲ್ವ್ ಎಣ್ಣೆ ಬಿಡಿ. ಮೂರನ್ನೂ ಒಟ್ಟಿಗೆ ಬಿಚ್ಚಬೇಡಿ. ಅವುಗಳ ಮೇಲೆ 1, 2, 3 ಎಂದು ಒತ್ತಿರುತ್ತದೆ. ಒಂದರ ಮನೆಗೆ ಇನ್ನೊಂದು ಹೋದರೆ, ಇಲ್ಲವೇ ಅದೇ ವಾಲ್ವ್ ತಿರುಗಿ ಕೂತರೆ, ಗಾಳಿ ಒಳಗೇ ಕಟ್ಟಿಕೊಳ್ಳುತ್ತದೆ. ಊದಿದರೆ ಕೆನ್ನೆ ಉಬ್ಬುತ್ತದೆ, ಸ್ವರ ಬರುವುದಿಲ್ಲ. ಮೈದಾನದಲ್ಲಿ "ವಾದ್ಯ ಕೆಟ್ಟೋಯ್ತು" ಎನ್ನುವ ಗಾಬರಿಯಲ್ಲಿ ಅರ್ಧಕ್ಕರ್ಧ ಇದೇ.

ವಾಲ್ವ್‌ಗೆ ಕೊಬ್ಬರಿ ಎಣ್ಣೆ ಬೇಡವೇ ಬೇಡ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಗಟ್ಟಿಯಾಗುತ್ತದೆ. ಧನುರ್ಮಾಸದ ಬೆಳಗ್ಗೆ ಮೈಸೂರಿನಲ್ಲಿ ಬಾಟಲಿಯ ಎಣ್ಣೆ ಹೆಪ್ಪುಗಟ್ಟುವುದನ್ನು ನೋಡಿರುತ್ತೀರಿ, ಅದೇ ವಾಲ್ವ್ ಒಳಗೆ ನಡೆದರೆ ಒತ್ತಿದ ಗುಂಡಿ ಮೇಲೆ ಬರುವುದಿಲ್ಲ. ಹೊಲಿಗೆ ಮಿಷನ್ ಎಣ್ಣೆಯೂ ದೂಳು ಹಿಡಿದು ಅಂಟಾಗುತ್ತದೆ. ಸ್ಲೈಡ್‌ಗೆ, ಅಂದರೆ ಶ್ರುತಿ ಹೊಂದಿಸಲು ಎಳೆಯುವ ಕೊಳವೆಗೆ, ಗ್ರೀಸ್ ಸಿಗದಿದ್ದರೆ ವ್ಯಾಸಲೀನ್ ಆದೀತು. ವಾಲ್ವ್‌ಗೆ ಅದೂ ಆಗದು.

ಹೊಳಪಿಗೆಂದು ತಂಬಿಗೆ ಬೆಳಗಿದ ಹಾಗೆ ಹುಣಸೆಹಣ್ಣು, ನಿಂಬೆಹಣ್ಣು ತಿಕ್ಕಬೇಡಿ. ಪಿತ್ತಾಳೆ ಎಂದರೆ ತಾಮ್ರ, ಸತು ಕೂಡಿದ ಲೋಹ. ಹುಳಿ ಸತುವನ್ನು ತಿಂದು ತಾಮ್ರ ಉಳಿಸುತ್ತದೆ. ಕೊಳವೆಯ ಮೇಲೆ ಕಾಣುವ ಗುಲಾಬಿ ಬಣ್ಣದ ಚುಕ್ಕೆ ಲೋಹ ಸೊರಗಿದ ಗುರುತು. ಅಂಥ ಜಾಗ ಮುಂದೆ ತೂತಾಗುತ್ತದೆ.

ಜೊತೆಗೆ ಒಯ್ಯಬೇಕಾದ್ದು: ವಾಲ್ವ್ ಎಣ್ಣೆ ಎರಡು ಬಾಟಲಿ, ಕ್ಲಾರಿನೆಟ್ ಮತ್ತು ಸ್ಯಾಕ್ಸಫೋನ್‌ಗೆ ತಲಾ ಮೂರು ರೀಡ್ (ಕಂಪಿಸಿ ಸ್ವರ ಹುಟ್ಟಿಸುವ ತೆಳು ಪಟ್ಟಿ), ಡ್ರಮ್ ಕೋಲು ಎರಡು ಜೊತೆ, ತಾಳದ ತೊಗಲು ಪಟ್ಟಿ, ರಬ್ಬರ್ ಬ್ಯಾಂಡು, ಹಳೆ ಪಂಚೆ ಎರಡು, ಒಂದು ಟಾರ್ಪಾಲು. ತೊಗಲಿನ ಡ್ರಮ್ ಇದ್ದರೆ ಇಬ್ಬನಿಗೂ ಜಡಿಮಳೆಗೂ ಸಡಿಲವಾಗುತ್ತದೆ, ಬಿಸಿಲಿಗೆ ಬಿಗಿಯುತ್ತದೆ. ಬಿಗಿ ಮಾಡುವ ಕೀ ಮರೆಯಬೇಡಿ.

4. ಬೆಳಗ್ಗೆ ತುಟಿ ಎಬ್ಬಿಸುವುದು, ಶ್ರುತಿ ಕೂಡಿಸುವುದು

ಬಂದ ಕೂಡಲೇ ಹಾಡು ಶುರು ಮಾಡಬೇಡಿ, ಸಂಘಟಕರು ಎಷ್ಟೇ "ಒಂದ್ ಸಾಂಗ್ ಬಿಡಿ ಗುರು, ಜನ ಸೇರ್ಲಿ" ಎಂದರೂ. ಮೊದಲು ಕುದುರೆ ಮೂಗುಸಿರು ಬಿಟ್ಟಂತೆ ತುಟಿಯನ್ನು ಸಡಿಲವಾಗಿ ಫುರ್ರ್ ಎನಿಸಿ, ಒಂದು ನಿಮಿಷ. ಬಳಿಕ ಬರೀ ಮೌತ್‌ಪೀಸ್‌ನಲ್ಲಿ (ತುಟಿಗೆ ಹಿಡಿಯುವ ತುಂಡು) ಎರಡು ನಿಮಿಷ. ಆಮೇಲೆ ವಾದ್ಯದಲ್ಲಿ ಕೆಳಗಿನ ಸ್ವರಗಳನ್ನು ಮೆಲ್ಲಗೆ, ಉದ್ದಕ್ಕೆ, ಏಳೆಂಟು ನಿಮಿಷ. ಮೇಲಿನ ಸ್ವರ ಈಗ ಮುಟ್ಟಬೇಡಿ. ಚಳಿಗಾಲದಲ್ಲಿ ತುಟಿ ಒಡೆದಿದ್ದರೆ ಹಿಂದಿನ ರಾತ್ರಿ ತುಪ್ಪ ಸವರಿ ಮಲಗಿ, ಬೆಳಗ್ಗೆ ಪೂರ್ತಿ ಒರೆಸಿಬಿಡಿ. ಜಿಡ್ಡಿದ್ದರೆ ಮೌತ್‌ಪೀಸ್ ಜಾರುತ್ತದೆ, ಜಾರದಿರಲೆಂದು ನೀವು ಒತ್ತುತ್ತೀರಿ, ಒತ್ತಿದರೆ ತುಟಿಗೆ ರಕ್ತ ಓಡುವುದಿಲ್ಲ.

ಈಗ ಶ್ರುತಿ. ಸಾಮಾನ್ಯ ಟ್ರಂಪೆಟ್‌ನಲ್ಲಿ ಗುಂಡಿ ಒತ್ತದೆ ಬರುವ ಸ, ಹಾರ್ಮೋನಿಯಂನ ಐದನೇ ಕಪ್ಪು ಮನೆಗೆ ಕೂಡುತ್ತದೆ. ಕ್ಲಾರಿನೆಟ್ ಕೂಡ ಅದೇ ಮನೆತನ. ಆಲ್ಟೋ ಸ್ಯಾಕ್ಸಫೋನ್ ಬೇರೆ. ಇಂಗ್ಲಿಷ್ ಸ್ವರದ ಹೆಸರಿನಲ್ಲಿ ಹೇಳಿದರೆ, ಟ್ರಂಪೆಟ್‌ನವರು ಸಿ ಎಂದು ಬೆರಳಿಡುವಲ್ಲಿ ಆಲ್ಟೋದವರು ಜಿ ಹಿಡಿದರೆ ಮಾತ್ರ ಒಂದೇ ಸ್ವರ ಬರುತ್ತದೆ. ಹೊಸ ಹುಡುಗರು ಒಂದೇ ಹಾಳೆ ನೋಡಿಕೊಂಡು ಇಬ್ಬರೂ ಊದಿ, "ಸ್ಯಾಕ್ಸ್ ಅಪಸ್ವರ" ಎಂದು ಬೈಯಿಸಿಕೊಳ್ಳುವುದು ಇಲ್ಲೇ.

5. ಮೆರವಣಿಗೆ, ಪಥಸಂಚಲನ

ಊರ ಬಾಗಿಲಿನಿಂದ ಮೈದಾನಕ್ಕೆ ಅತಿಥಿಗಳನ್ನು ಕರೆತರುವಾಗ ನಿಮಿಷಕ್ಕೆ 90–100 ಹೆಜ್ಜೆಯ ನಡೆ ಸಾಕು. ಶಾಲೆ ಮಕ್ಕಳ ಪಥಸಂಚಲನಕ್ಕೆ 110. ಸೈನ್ಯದ ನಡೆಯೆಂದು 120ಕ್ಕೆ ಏರಿಸಿದರೆ ಹಿಂದಿನ ಸಾಲಿನ ಚಿಕ್ಕ ಮಕ್ಕಳು ಓಡಬೇಕಾಗುತ್ತದೆ. 200 ಮೀಟರ್ ಸುತ್ತಿಗೆ ಮುಕ್ಕಾಲು ಮೀಟರ್ ಹೆಜ್ಜೆಯಂತೆ ಸುಮಾರು 267 ಹೆಜ್ಜೆ, 110ರ ನಡೆಯಲ್ಲಿ ಎರಡೂವರೆ ನಿಮಿಷಕ್ಕೆ ಒಂದಿಷ್ಟು ಕಮ್ಮಿ. ಮಕ್ಕಳ ಹೆಜ್ಜೆ ಚಿಕ್ಕದು, ಮೂರೂವರೆ ನಿಮಿಷ ಹಿಡಿಯಿರಿ. ಎಷ್ಟು ತಂಡ ಬರುತ್ತದೆ ಎಂದು ಕೇಳಿ ಗುಣಿಸಿದರೆ ಎಷ್ಟು ಹೊತ್ತು ಊದಬೇಕೆಂದು ಮೊದಲೇ ತಿಳಿಯುತ್ತದೆ. ಎಂಟು ತಂಡ ಒಂದರ ಹಿಂದೆ ಒಂದು ಬಂದರೆ ಊದುವವರು ಎರಡು ಗುಂಪಾಗಿ. ನಡುವೆ ಒಂದೊಂದು ಸುತ್ತು ಬರೀ ಡ್ರಮ್.

ದೊಡ್ಡ ಡ್ರಮ್ಮಿನ ಜೋರು ಏಟು ಎಡಗಾಲಿಗೇ ಬೀಳಬೇಕು. ನಿಲ್ಲಿಸುವ ಗುರುತು ಕೈಸನ್ನೆಯಲ್ಲ, ದೊಡ್ಡ ಡ್ರಮ್ಮಿನ ಜೋಡಿ ಏಟು. ದಸರೆಯಲ್ಲಿ ಬನ್ನಿಮಂಟಪದ ಪಂಜಿನ ಕವಾಯತಿಗೆ ಹೋದಾಗ ಪೊಲೀಸ್ ಬ್ಯಾಂಡ್ ಹೇಗೆ ನುಡಿಸುತ್ತದೆ ಎನ್ನುವುದನ್ನಲ್ಲ, ಹೇಗೆ ನಿಲ್ಲಿಸುತ್ತದೆ ಎನ್ನುವುದನ್ನು ನೋಡಿ: ಬಾಲ ಉಳಿಯದೆ ಎಲ್ಲ ವಾದ್ಯ ಒಟ್ಟಿಗೆ ಕತ್ತರಿಸಿದಂತೆ ನಿಲ್ಲುತ್ತದೆ.

ಕೊಯ್ಲಾದ ಗದ್ದೆಯ ಬಯಲಾದರೆ ನಡೆಯುತ್ತಾ ಊದಬೇಡಿ. ಬದು, ಕೂಳೆ, ಇಲಿ ಬಿಲ. ಕಾಲು ಕುಸಿದ ಕ್ಷಣದಲ್ಲಿ ಮೌತ್‌ಪೀಸ್ ತುಟಿಯನ್ನು ಹಲ್ಲಿಗೆ ಒತ್ತಿ ಸೀಳುತ್ತದೆ. ಅಂಥ ಕಡೆ ಡ್ರಮ್ಮಿನವರು ನಡೆಯಲಿ, ಊದುವವರು ಒಂದೆಡೆ ನಿಂತು ಊದಲಿ.

6. ರಾಷ್ಟ್ರಗೀತೆ, ನಾಡಗೀತೆ

ರಾಷ್ಟ್ರಗೀತೆಗೆ 52 ಸೆಕೆಂಡು. ಬ್ಯಾಂಡ್ ನುಡಿಸುವಾಗ ಮೊದಲು ಡ್ರಮ್ ಉರುಳಿಕೆ ಇರಬೇಕೆಂದು ಕೇಂದ್ರದ ಆದೇಶವಿದೆ, ಜನಕ್ಕೆ ಎದ್ದು ನಿಲ್ಲಲು ಅದೇ ಸೂಚನೆ. ನಿಧಾನ ನಡೆಯ ಏಳು ಹೆಜ್ಜೆಯಷ್ಟು ಹೊತ್ತು. ಮೆಲ್ಲಗೆ ಶುರುವಾಗಿ, ಆದಷ್ಟೂ ಜೋರಿಗೆ ಏರಿ, ಮತ್ತೆ ಇಳಿದು, ಏಳನೇ ಏಟಿನವರೆಗೂ ಕೇಳುತ್ತಿರಬೇಕು. ಒಂದು ಏಟಿನ ಮೌನ, ಆಮೇಲೆ ಗೀತೆ. ಆ ಒಂದು ಏಟನ್ನು ನುಂಗುವವರೇ ಹೆಚ್ಚು. ಸೈಡ್ ಡ್ರಮ್ಮಿನ ಇಬ್ಬರೂ ಉರುಳಿಕೆ ಹಿಡಿದರೆ ಒಟ್ಟಿಗೆ ನಿಲ್ಲುವುದಿಲ್ಲ, ಒಬ್ಬರೇ ಬಾರಿಸಲಿ.

ನಾಡಗೀತೆಗೆ ಮೈಸೂರು ಅನಂತಸ್ವಾಮಿ ಅವರ ಧಾಟಿ, 2 ನಿಮಿಷ 30 ಸೆಕೆಂಡು ಎಂದು ಸರ್ಕಾರ 2022ರಲ್ಲಿ ಗೊತ್ತು ಮಾಡಿದೆ. ಸಾಮಾನ್ಯವಾಗಿ ಶಾಲೆ ಮಕ್ಕಳು ಹಾಡುತ್ತಾರೆ. ಅವರು ಹಾಡುತ್ತಿದ್ದರೆ ನೀವು ಸೇರಬೇಡಿ. ಮಕ್ಕಳ ಶ್ರುತಿ ನಿಮ್ಮ ಕಪ್ಪು ಐದಕ್ಕೆ ಕೂಡುವ ಸಂಭವ ಕಡಿಮೆ. ತುಟಿಗೂ ವಿಶ್ರಾಂತಿ.

7. ಆಟ ನಡೆಯುವಾಗ

ಮದುವೆ ಬ್ಯಾಂಡ್ ಸೋಲುವುದು ಇಲ್ಲಿಯೇ. ನಿಲ್ಲುವ ಜಾಗದಿಂದ ಶುರು ಮಾಡಿ. ಸೂರ್ಯ ಬೆನ್ನಿಗೆ, ಗಾಳಿ ನಿಮ್ಮ ಕಡೆಯಿಂದ ಜನರ ಕಡೆಗೆ, ಹೊಂಗೆಯದೋ ಬೇವಿನದೋ ನೆರಳು ತಲೆಗೆ. ಮೈಕಿನ ಹಾರ್ನ್‌ನಿಂದ ದೂರ, ತೀರ್ಪುಗಾರರ ಮುಖ ಕಾಣುವ ಕಡೆ. ಒಬ್ಬ ಹುಡುಗನ ಕಣ್ಣು ಅವರ ಕೈ ಮೇಲೇ ಇರಲಿ. ವಾದ್ಯದ ಬಾಯಿ ಮಕ್ಕಳ ಕಿವಿ ಮಟ್ಟಕ್ಕೆ ಬರದಿರಲಿ.

*ಕಬಡ್ಡಿ.* ದಾಳಿಗೆ ಹೋದವನು ಒಂದೇ ಉಸಿರಿನಲ್ಲಿ "ಕಬಡ್ಡಿ ಕಬಡ್ಡಿ" ಎನ್ನುತ್ತಿರಬೇಕು, ಅದು ಅಂಪೈರ್ ಕಿವಿಗೆ ಬೀಳಬೇಕು. ಒಂದು ದಾಳಿಗೆ 30 ಸೆಕೆಂಡು. ಆ ಹೊತ್ತಿನಲ್ಲಿ ಟ್ರಂಪೆಟ್ ಊದಿದರೆ ಉಸಿರು ಮುರಿಯಿತೋ ಇಲ್ಲವೋ ಯಾರಿಗೂ ಕೇಳದು, ಜಗಳ ನಿಮ್ಮ ತಲೆಗೆ ಬರುತ್ತದೆ. ಎರಡು ಅವಧಿಯ ನಡುವಿನ 5 ನಿಮಿಷ ಮತ್ತು ಟೈಮ್‌ಔಟ್ ಮಾತ್ರ ನಿಮ್ಮದು. ತಂಡ ಆಲೌಟ್ ಆದಾಗ ಡ್ರಮ್ಮಿನ ಒಂದು ಉರುಳು ಸಾಕು.

*ಕುಸ್ತಿ.* ಮಟ್ಟಿಗೆ, ಅಂದರೆ ಕುಸ್ತಿಯ ಮಣ್ಣಿನ ಅಖಾಡಕ್ಕೆ, ಪೂಜೆಯಾಗಿರುತ್ತದೆ. ಚಪ್ಪಲಿ ಕಾಲಲ್ಲಿ ಅದರ ಅಂಚು ತುಳಿಯಬೇಡಿ, ಉಗುಳಿನ ನೀರನ್ನು ಆ ಕಡೆ ಚೆಲ್ಲಬೇಡಿ. ಮೈಸೂರಿನ ಗರಡಿ ಉಸ್ತಾದರು ಇದನ್ನು ಸಹಿಸುವುದಿಲ್ಲ, ಸಹಿಸಬೇಕಾಗಿಯೂ ಇಲ್ಲ. ಜೋಡಿ ಮಟ್ಟಿಗಿಳಿಯುವಾಗ ಒಂದು ಪಲ್ಲವಿ, ಕೈ ಕೂಡಿಸಿದ ಕೂಡಲೇ ಮೌನ. ಹಿಡಿತ ನಡೆಯುವಾಗ ತಮಟೆಯೋ ನಗಾರಿಯೋ ಇದ್ದರೆ ಅದು ಅವರ ಪಾಲು. ಎದುರಾಳಿಯ ಎರಡೂ ಭುಜ ಮಣ್ಣಿಗೆ ತಾಗಿದರೆ ಚಿತ್. ಆದರೆ ಜನ ಒಂದು ಭುಜ ತಾಗುವಾಗಲೇ ಕೂಗುತ್ತಾರೆ. ಜನರ ಕೂಗಿಗೆ ಊದಿದರೆ ಕೆಟ್ಟಿತು. ತೀರ್ಪುಗಾರರು ಕೈ ಎತ್ತಿಸಿದ ಮೇಲೆ 15 ಸೆಕೆಂಡಿನ ಗೆಲುವಿನ ಸ್ವರ. ಸಮ ಎಂದರೆ ಏನೂ ಇಲ್ಲ.

*ಎತ್ತಿನಗಾಡಿ ಓಟ.* ಪ್ರಾಣಿ ಹಿಂಸೆ ತಡೆ ಕಾಯ್ದೆಗೆ ರಾಜ್ಯ ತಂದ 2017ರ ತಿದ್ದುಪಡಿಯಿಂದ ಷರತ್ತಿನ ಮೇಲೆ ಇದಕ್ಕೆ ಅವಕಾಶವಾಯಿತು, ಸುಪ್ರೀಂ ಕೋರ್ಟ್ 2023ರ ಮೇ ತಿಂಗಳಲ್ಲಿ ಅದನ್ನು ಎತ್ತಿಹಿಡಿಯಿತು. ಎತ್ತು ಬೆದರುವಂತೆ ನೀವು ಏನಾದರೂ ಮಾಡಿದರೆ ಅದು ಜೀವಕ್ಕೆ ಬರುವ ಮಾತು. ಓಟ ಶುರುವಾಗುವ ಕಡೆಯೂ ಬೇಡ, ಮುಗಿಯುವ ಗೆರೆಯಾಚೆಯೂ ಬೇಡ. ಗೆರೆ ದಾಟಿದ ಜೋಡಿ ಅಲ್ಲಿಗೇ ನಿಲ್ಲುವುದಿಲ್ಲ. ವೇದಿಕೆ ಪಕ್ಕ, ಹಗ್ಗದ ಹೊರಗೆ, ಕನಿಷ್ಠ ನೂರು ಹೆಜ್ಜೆ ದೂರ ನಿಲ್ಲಿ. ಎತ್ತಿನ ಕೊರಳಿನಿಂದ ನೊಗ ಇಳಿಯುವ ತನಕ ದೊಡ್ಡ ಡ್ರಮ್, ತಾಳ ಎರಡೂ ಬಂದ್. ತಾಳದ ಸದ್ದಿಗಿಂತಲೂ ಅದರ ಮೇಲೆ ಬಿಸಿಲು ಬಿದ್ದು ಚಿಮ್ಮುವ ಮಿಂಚು ಕೆಟ್ಟದ್ದು, ಬಟ್ಟೆ ಮುಚ್ಚಿಡಿ.

*ಕೆಸರುಗದ್ದೆ ಓಟ.* ಬದುವಿನಿಂದ ಇಪ್ಪತ್ತು ಅಡಿ ಹಿಂದೆ. ವಾಲ್ವ್‌ಗೂ ಅದರ ಗೂಡಿಗೂ ನಡುವಿನ ಸಂದು ಕೂದಲಿಗಿಂತ ತೆಳು. ಒಣಗಿದ ಕೆಸರಿನ ಒಂದು ಕಣ ಹೊಕ್ಕರೆ ಗೀರು ಬೀಳುತ್ತದೆ, ಆ ಗೀರು ಹೋಗುವುದಿಲ್ಲ. ಸಿಡಿದರೆ ವಾಲ್ವ್ ಒತ್ತಿ ನೋಡಬೇಡಿ, ಮೊದಲು ಬಿಚ್ಚಿ ತೊಳೆಯಿರಿ.

ಓಟ, ಹಗ್ಗಜಗ್ಗಾಟಕ್ಕೆ ವಿಶೇಷವೇನಿಲ್ಲ: ಪೀಪಿ ಊದುವ ಮೊದಲು ಮೌನ, ಮುಗಿದ ಮೇಲೆ ಸ್ವರ.

8. ಬಿಸಿಲೇರಿದಾಗ

ಬಿಸಿಗೆ ಗಾಳಿಯಲ್ಲಿ ಸದ್ದಿನ ವೇಗ ಹೆಚ್ಚುತ್ತದೆ, ಊದುವ ವಾದ್ಯದ ಶ್ರುತಿ ಏರುತ್ತದೆ. ಒಂದು ಡಿಗ್ರಿಗೆ ಅರೆಸ್ವರದ (ಹಾರ್ಮೋನಿಯಂನಲ್ಲಿ ಕಪ್ಪು, ಬಿಳಿ ಸೇರಿ ಒಂದು ಮನೆಯಿಂದ ಪಕ್ಕದ ಮನೆಗಿರುವ ಅಂತರ) ನೂರರಲ್ಲಿ ಸುಮಾರು ಮೂರು ಪಾಲು. ಬೆಳಗ್ಗೆ 22 ಡಿಗ್ರಿಯಲ್ಲಿ ಕೂಡಿಸಿದ ಶ್ರುತಿ ಮಧ್ಯಾಹ್ನ 34ಕ್ಕೆ ಅರೆಸ್ವರದ ಮೂರನೇ ಒಂದು ಪಾಲಿನಷ್ಟು ಏರಿರುತ್ತದೆ. ಉಸಿರೇ ಕೊಳವೆಯನ್ನು ಬೆಚ್ಚಗಿಡುವುದರಿಂದ ನಿಜವಾದ ಏರಿಕೆ ಇದಕ್ಕಿಂತ ಸ್ವಲ್ಪ ಕಡಿಮೆ. ಟ್ರಂಪೆಟ್‌ನ ದೊಡ್ಡ ಸ್ಲೈಡ್ ಅರ್ಧ ಇಂಚು ಎಳೆದರೆ ಸರಿಹೋಗುತ್ತದೆ. ಅದು ಯು ಆಕಾರದ ಕೊಳವೆ, ಅರ್ಧ ಇಂಚು ಎಳೆದರೆ ಗಾಳಿಯ ದಾರಿ ಒಂದು ಇಂಚು ಉದ್ದವಾಗುತ್ತದೆ. ಕ್ಲಾರಿನೆಟ್‌ಗೆ ಮೌತ್‌ಪೀಸ್ ಕೆಳಗಿನ ಪುಟ್ಟ ತುಂಡನ್ನು ತುಸು ಎಳೆಯಿರಿ. ಆರ್ಕೆಸ್ಟ್ರಾದವರ ಕೀಬೋರ್ಡ್ ಜೊತೆ ನುಡಿಸುವುದಿದ್ದರೆ ಇದನ್ನು ಮಾಡಲೇಬೇಕು, ಕೀಬೋರ್ಡಿಗೆ ಬಿಸಿಲು ತಾಕದು.

ವಾದ್ಯವನ್ನು ಟಾಟಾ ಏಸ್ ಹಿಂದೆ ಬಿಸಿಲಿಗೆ ಬಿಡಬೇಡಿ, ಗೋಡೆಗೆ ಒರಗಿಸಿ ನಿಲ್ಲಿಸಬೇಡಿ. ನೆರಳಲ್ಲಿ ಪಂಚೆ ಹಾಸಿ ಮಲಗಿಸಿ. ಟ್ರಂಪೆಟ್ ಮಲಗಿಸುವಾಗ ಎರಡನೇ ವಾಲ್ವ್‌ನ ಪುಟ್ಟ ಸ್ಲೈಡ್ ಮೇಲ್ಮುಖವಾಗಿರಲಿ, ಕೆಳಗಾದರೆ ಭಾರಕ್ಕೆ ಬಾಗಿ ವಾಲ್ವ್ ಹಿಡಿದುಕೊಳ್ಳುತ್ತದೆ.

ಬಾಯಿಗೆ ಏನು ಹಾಕಿಕೊಳ್ಳುತ್ತೀರಿ ಎನ್ನುವುದೂ ವಾದ್ಯದ ಮಾತೇ. ಮಂಡ್ಯದಲ್ಲಿ ಕಬ್ಬಿನ ಹಾಲನ್ನು ಬೇಡವೆನ್ನುವುದು ಕಷ್ಟ, ಆದರೆ ಅದರ ಸಕ್ಕರೆ ಉಸಿರಿನ ಜೊತೆ ಹೋಗಿ ವಾಲ್ವ್ ಮೇಲೆ ಒಣಗಿದರೆ ಅಂಟು. ಮದ್ದೂರು ವಡೆಯ ಪುಡಿ ಹಲ್ಲಿನ ಸಂದಿಯಿಂದ ನೇರ ಕೊಳವೆಗೆ ಇಳಿಯುತ್ತದೆ. ಎಲೆ ಅಡಿಕೆಯ ಸುಣ್ಣ ತುಟಿ ಸುಡುತ್ತದೆ. ನೀರು, ಎಳನೀರು, ಮಜ್ಜಿಗೆ ಕುಡಿಯಿರಿ; ಏನೇ ಕುಡಿದರೂ ತಿಂದರೂ ಬಾಯಿ ಮುಕ್ಕಳಿಸಿ ಊದಿ. ಬಾಡೂಟ ಇದ್ದರೆ ಮುದ್ದೆ ಒಂದಕ್ಕೇ ನಿಲ್ಲಿಸಿ. ಹೊಟ್ಟೆ ತುಂಬಿದರೆ ಉಸಿರು ಕೆಳಕ್ಕೆ ಇಳಿಯದು, ಎದೆಯಿಂದ ತಳ್ಳಿದ ಗಾಳಿಗೆ ತುಟಿ ಬಲಿಯಾಗುತ್ತದೆ. ಊಟದ ನಂತರ ಅರ್ಧ ಗಂಟೆ ಡ್ರಮ್ ಮಾತ್ರ.

ತುಟಿ ಸೋಲುವ ಲಕ್ಷಣ ಹೀಗಿರುತ್ತದೆ: ಬಾಯಂಚಿನಿಂದ ಗಾಳಿ ಸೋರುವುದು, ಮೆಲ್ಲಗಿನ ಸ್ವರ ತಡವಾಗಿ ಹುಟ್ಟುವುದು, ಮೌತ್‌ಪೀಸ್‌ನ ಉಂಗುರದ ಗುರುತು ಹತ್ತು ನಿಮಿಷವಾದರೂ ಅಳಿಯದಿರುವುದು. ಮೊದಲನೆಯದು ಕಂಡಾಗಲೇ ಕೂತುಬಿಡಿ. ಮೂರನೆಯದಕ್ಕೆ ಬಂದರೆ ಅವತ್ತಿನ ಮೇಲಿನ ಸ್ವರಗಳು ಮುಗಿದವು, ಹಾಡನ್ನು ಕೆಳಗಿನ ಸ್ಥಾಯಿಗೆ ಇಳಿಸಿ ಅಥವಾ ಕ್ಲಾರಿನೆಟ್‌ಗೆ ಬಿಟ್ಟುಕೊಡಿ.

9. ಬಹುಮಾನ

ಹದಿನಾಲ್ಕು ಆಟ, ಒಂದೊಂದಕ್ಕೆ ಮೂರು ಬಹುಮಾನ ಎಂದರೆ 42 ಸಲ. ಪ್ರತಿಯೊಂದಕ್ಕೂ 10 ಸೆಕೆಂಡಿನಂತೆ 7 ನಿಮಿಷ ಜೋರು ಊದುವಿಕೆ, ಅದೂ ದಿನದ ಕೊನೆಗೆ. ಮೂರನೇ, ಎರಡನೇ ಬಹುಮಾನಕ್ಕೆ ಸೈಡ್ ಡ್ರಮ್, ಮೊದಲನೆಯದಕ್ಕೆ ಮಾತ್ರ ಟ್ರಂಪೆಟ್ ಎಂದು ಇಟ್ಟುಕೊಂಡರೆ 2 ನಿಮಿಷ 20 ಸೆಕೆಂಡಿಗೆ ಇಳಿಯುತ್ತದೆ, ಮೊದಲ ಬಹುಮಾನಕ್ಕೆ ತೂಕವೂ ಬರುತ್ತದೆ. ಗುಂಡಿ ಒತ್ತದೆ ಬರುವ ಸ, ಪ, ಮೇಲಿನ ಸ, ಗ ಇಷ್ಟರಲ್ಲೇ ಒಂದು ತುಣುಕು ಕಟ್ಟಿಕೊಳ್ಳಿ. ದಣಿದ ಬೆರಳಿಗೆ ಕೆಲಸವಿಲ್ಲ, ತಪ್ಪೂ ಕಡಿಮೆ. ಗದೆ ಕೊಡುವಾಗ, ಗೆದ್ದ ಎತ್ತಿನ ಜೋಡಿಯ ಯಜಮಾನರನ್ನು ಕರೆಯುವಾಗ ಮಾತ್ರ ಪೂರ್ತಿ ಹಾಡು.

ಹಾಡು ಯಾವುದು ಎಂದಿರಲ್ಲ: ಇಡೀ ದಿನಕ್ಕೆ ಎಂಟು ಸಾಕು. ಎರಡು ನಡಿಗೆಯವು, ಒಂದು ದೇವರದು, ನಾಲ್ಕು ಊರಿಗೆಲ್ಲ ಗೊತ್ತಿರುವ ಸಿನಿಮಾದವು, ಒಂದು ಕೊನೆಯ ಕುಣಿತಕ್ಕೆ. ಪಲ್ಲವಿಯ ಅತಿ ಮೇಲಿನ ಸ್ವರ ಮಧ್ಯಾಹ್ನ 3ಕ್ಕೂ ಬರುತ್ತದೆಯೇ ಎಂದು ನೋಡಿ ಆರಿಸಿ, ಬೆಳಗ್ಗೆ 7ಕ್ಕೆ ಬಂದದ್ದು ಲೆಕ್ಕಕ್ಕಿಲ್ಲ.

10. ಹೊರಡುವ ಮೊದಲು

ವಾಟರ್ ಕೀ (ಕೊಳವೆಯ ನೀರು ಬಿಡುವ ಪುಟ್ಟ ಮುಚ್ಚಳ) ಒತ್ತಿ ನೀರು ಹೊರಗೆ ಊದಿ. ಅದು ಬರೀ ಎಂಜಲಲ್ಲ, ಹೆಚ್ಚಿನದು ಉಸಿರಿನ ಆವಿ ತಣ್ಣಗಾಗಿ ಆದ ನೀರು. ಮೌತ್‌ಪೀಸ್ ಕಚ್ಚಿಕೊಂಡಿದ್ದರೆ ಇಕ್ಕಳ ಹಾಕಿ ತಿರುಚಬೇಡಿ, ಮುಂದಿನ ಕೊಳವೆಯೇ ಹೊರಳಿ ಹೋಗುತ್ತದೆ. ಅದು ಕೂತ ಗೂಡಿನ ಸುತ್ತ ಬಿಸಿನೀರಿನ ಬಟ್ಟೆ ಸುತ್ತಿ, ಮರದ ಕೋಲಿನಿಂದ ಮೆಲ್ಲಗೆ ತಟ್ಟಿ. ಬಾಕಿ ಹಣವನ್ನು ಕೊನೆಯ ಕುಣಿತದ ಹಾಡಿಗೆ ಮುಂಚೆ ಕೇಳಿ, ಆಮೇಲೆ ಖಜಾಂಚಿ ಸಿಗುವುದಿಲ್ಲ. ಮನೆಯಲ್ಲಿ ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಸೋಪಿನ ಎರಡು ಹನಿ ಹಾಕಿ ಕೊಳವೆ ತೊಳೆಯಿರಿ, ಕುದಿನೀರಾದರೆ ಮೇಲಿನ ಹೊಳಪು ಸುಲಿಯುತ್ತದೆ. ರಾತ್ರಿಯಿಡೀ ಬಟ್ಟೆಯ ಮೇಲೆ ಬಿಟ್ಟು, ಬೆಳಗ್ಗೆ ವಾಲ್ವ್‌ಗೆ ಎಣ್ಣೆ ಹಾಕಿ ಪೆಟ್ಟಿಗೆ ಮುಚ್ಚಿ. ಮಾರನೆಯ ದಿನ ಮತ್ತೊಂದು ಊರಿಗೆ ಒಪ್ಪಿಕೊಂಡಿದ್ದರೆ ಟ್ರಂಪೆಟ್‌ನ ಮೂವರಲ್ಲಿ ಹೆಚ್ಚು ಊದಿದವರನ್ನು ಅಲ್ಲಿ ಡ್ರಮ್ಮಿಗೆ ಹಾಕಿ.